ಬಿಳಿಗಿರಿಯ ಸೋಲಿಗರು ಮತ್ತು ಅಭಿವೃದ್ಧಿಯ ಐವತ್ತು ವರ್ಷಗಳು

ನಮ್ಮ ಪ್ರೌಢಶಾಲೆ ಆರಂಭವಾದದ್ದು 1974ರಲ್ಲಿ. ಅದೇ ವರ್ಷ ನಮ್ಮ ಪೂರ್ವಕ್ಕಿರುವ ಬಿಳಿಗಿರಿರಂಗನ ಬೆಟ್ಟವನ್ನು ಸರ್ಕಾರ ವನ್ಯಜೀವಿಧಾಮವೆಂದು ಘೋಷಿಸಿತು. ಶಾಲೆಯ ಕಟ್ಟಡ, ಫಲಿತಾಂಶ, ಆಟೋಟ, ಇಲ್ಲಿ ದುಡಿದ ಗುರುಗಳು ಇವೆಲ್ಲದರ ಇತಿಹಾಸ ಈ ಸುವರ್ಣ ಮಹೋತ್ಸವ ಸಂಚಿಕೆಯ ಬೇರೆ ಲೇಖನಗಳಲ್ಲಿದೆ. ಬೆಟ್ಟದ ಮೇಲಿನ ಪೋಡುಗಳಿಂದ ನಮ್ಮ ಶಾಲೆಗೆ ಮಕ್ಕಳು ಬಂದಿದ್ದಾರೆ, ಈಗಲೂ ಬರುತ್ತಿದ್ದಾರೆ. ಅವರ ಮನೆತನಗಳು ಈ ಐವತ್ತು ವರ್ಷಗಳಲ್ಲಿ ಕಂಡದ್ದೂ ನಮ್ಮ ಶಾಲೆಯ ಇತಿಹಾಸದ ಭಾಗವೇ. ಸಮಾಜ ವಿಜ್ಞಾನ ಬೋಧಿಸಿದವನಾಗಿ ಆ ಭಾಗವನ್ನು ಇಲ್ಲಿ ಬರೆದಿಡುವುದು ನನ್ನ ಉದ್ದೇಶ.

ಈ ಅವಧಿಯಲ್ಲಿ ಬೆಟ್ಟಕ್ಕೆ ಅನೇಕ ಯೋಜನೆಗಳು ಬಂದವು. ಕೆಲವು ಕಾಡನ್ನು ಉಳಿಸುವ ಹೆಸರಿನಲ್ಲಿ ಬಂದವು, ಕೆಲವು ಸೋಲಿಗರನ್ನು ಉದ್ಧಾರ ಮಾಡುವ ಹೆಸರಿನಲ್ಲಿ ಬಂದವು. ಅವುಗಳ ಫಲವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಸೋಲಿಗರನ್ನು ಕೇಳಿ, ಅವರ ಜೊತೆ ಕೂತು ಮಾಡಿದ ಕೆಲಸ ನಿಂತಿತು. ಅವರನ್ನು ಕೇಳದೆ ಮಾಡಿದ ಕೆಲಸ, ಉದ್ದೇಶ ಒಳ್ಳೆಯದೇ ಆಗಿದ್ದರೂ, ಅವರಿಗೂ ಕಾಡಿಗೂ ನಷ್ಟ ತಂದಿತು.

ಬೆಟ್ಟದ ಹಿಂದಿನ ಇತಿಹಾಸ

ಸೋಲಿಗರು ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಮತ್ತು ಅವುಗಳಿಗೆ ಅಂಟಿಕೊಂಡಿರುವ ತಮಿಳುನಾಡಿನ ಸತ್ಯಮಂಗಲದ ಕಾಡುಗಳಲ್ಲಿ ತಲೆತಲಾಂತರದಿಂದ ಬದುಕಿರುವ ಜನ. ಅವರ ನುಡಿ ಕನ್ನಡಕ್ಕೆ ಬಹಳ ಹತ್ತಿರದ್ದು. ಬಿದಿರಿನಿಂದ ಹುಟ್ಟಿದ ಕಾರಯ್ಯನ ವಂಶದವರು ತಾವು ಎಂಬುದು ಅವರ ಹಿರಿಯರು ಹೇಳುವ ಕಥೆ. ರಂಗನಾಥಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಕಾರಣ ದೇವರು ಅವರಿಗೆ ಭಾವನಾಗಬೇಕು. ಭಾರ್ಗವಿ ನದಿಯ ದಡದ ದೊಡ್ಡ ಸಂಪಿಗೆ ಮರ ಅವರ ಪೂಜಾಸ್ಥಾನ. ನಮ್ಮಲ್ಲಿ ಹೆಚ್ಚಿನವರು ಬೆಟ್ಟಕ್ಕೆ ಹೋಗುವುದು ಜಾತ್ರೆಗೆ, ಹರಕೆಗೆ. ಸೋಲಿಗರಿಗೆ ಅದು ಬೀಗರ ಮನೆಯೂ ಹೌದು, ತಮ್ಮ ಮನೆಯೂ ಹೌದು.

ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಟಿಪ್ಪುವಿನ ಪತನದ ನಂತರ 1800–01ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದನು. ತನ್ನ ಪ್ರವಾಸ ಕಥನದಲ್ಲಿ ಅವನು ಸೋಲಿಗರ ಬಗ್ಗೆಯೂ ಬರೆದಿದ್ದಾನೆ. ಆಮೇಲೆ ಈ ಬೆಟ್ಟಸಾಲು ಬೇರೆ ಬೇರೆ ಆಡಳಿತಗಳ ನಡುವೆ ಹಂಚಿಹೋಯಿತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಷ್ಟೇ ಮೈಸೂರು ರಾಜ್ಯಕ್ಕೆ ಬಂತು. ಒಂದು ಪೋಡಿನಿಂದ ಇನ್ನೊಂದಕ್ಕೆ ಹೆಣ್ಣು ಕೊಟ್ಟು ತರುತ್ತಿದ್ದ ಸೋಲಿಗರಿಗೆ ಈ ಗಡಿಗಳ ಅರಿವಿರಲಿಲ್ಲ. ಗಡಿ ಎಳೆದವರಿಗೆ ಸೋಲಿಗರ ಲೆಕ್ಕವೂ ಇರಲಿಲ್ಲ.

ಬ್ರಿಟಿಷರ ಕಾಲದಲ್ಲಿ ಕಾಡು ಸರ್ಕಾರದ ಆಸ್ತಿಯಾಯಿತು. 1878ರ ಭಾರತೀಯ ಅರಣ್ಯ ಕಾಯ್ದೆ ಮತ್ತು 1882ರ ಮದರಾಸು ಅರಣ್ಯ ಕಾಯ್ದೆ ಕಾಡಿನ ಮರ, ಮೇವು, ಜೇನು, ಕಾಯಿಗಳ ಮೇಲೆ ಸರ್ಕಾರದ ಹಿಡಿತವನ್ನು ಬಿಗಿಗೊಳಿಸಿದವು. ಜಾಗ ಬದಲಿಸುತ್ತ ರಾಗಿ ಬೆಳೆಯುವ ಸೋಲಿಗರ ಬೇಸಾಯ ಅಧಿಕಾರಿಗಳ ಕಣ್ಣಿಗೆ ಕಾಡಿನ ನಾಶವಾಗಿ ಕಂಡಿತು. ಅದೇ ಬೆಟ್ಟದಲ್ಲಿ ಕಾಡು ಕಡಿದು ಬೇಡಗುಳಿ, ಹೊನ್ನಮೇಟಿ, ಅತ್ತಿಕಾನೆಗಳಲ್ಲಿ ಕಾಫಿ ತೋಟ ಮಾಡಿದ್ದು ಮಾತ್ರ ಪ್ರಗತಿ ಎನಿಸಿಕೊಂಡಿತು. ಆ ತೋಟಗಳಿಗೆ ದುಡಿಮೆಯ ಕೈಗಳಾಗಿ ಸೋಲಿಗರು ಬೇಕಾದರು. ನೆಲದ ಬಗ್ಗೆ ತೀರ್ಮಾನ ಮಾಡುವಾಗ ಯಾರಿಗೂ ಬೇಕಾಗಲಿಲ್ಲ. ಬೆಟ್ಟದ ಮುಂದಿನ ಇತಿಹಾಸದ ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ.

1974: ಕೇಳದೆ ಹಾಕಿದ ಗಡಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. 1987ರಲ್ಲಿ ಅದರ ವ್ಯಾಪ್ತಿಯನ್ನು ಸುಮಾರು 540 ಚದರ ಕಿಲೋಮೀಟರಿಗೆ ಹಿಗ್ಗಿಸಲಾಯಿತು. ಬೇಟೆ ನಿಂತಿತು. ಅದರ ಅಗತ್ಯವಿತ್ತು ಎಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆನೆ, ಹುಲಿ, ಕಾಟಿಗಳು ಉಳಿಯಬೇಕಾದರೆ ಕಾನೂನು ಬೇಕಿತ್ತು. ಆದರೆ ಬೇಟೆಯ ಜೊತೆಗೆ ಜಾಗ ಬದಲಿಸುವ ಬೇಸಾಯವೂ ನಿಂತಿತು, ತರಗಿಗೆ ಬೆಂಕಿ ಹಾಕುವ ಪದ್ಧತಿಯೂ ನಿಂತಿತು. ಕಾಡಿನ ಒಳಭಾಗದಲ್ಲಿ ಚದುರಿದ್ದ ಕುಟುಂಬಗಳನ್ನು ರಸ್ತೆಯ ಬದಿಗೆ, ಒಂದೇ ಜಾಗದ ಕಾಲೊನಿಗಳಿಗೆ ತಂದು ಕೂರಿಸಲಾಯಿತು.

ಸೋಲಿಗರಲ್ಲಿ ಪ್ರತಿ ಕುಲಕ್ಕೂ ತನ್ನದೇ ಆದ ಎಲ್ಲೆ ಇರುತ್ತದೆ. ಆ ಎಲ್ಲೆಯೊಳಗೆ ಅದರ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಇರುತ್ತವೆ. ವೀರು ಎಂದರೆ ನೀರಿನ ಸೆಲೆಗೆ ಸಂಬಂಧಿಸಿದ ದೈವ. ಅಬ್ಬಿ ಹರಿಯುವ ತೊರೆಯದು. ಕಲ್ಲುಗುಡಿ ಸತ್ತ ಹಿರಿಯರ ನೆನಪಿನ ಕಲ್ಲು. ಒಂದು ಕುಟುಂಬವನ್ನು ಅದರ ಎಲ್ಲೆಯಿಂದ ಎಬ್ಬಿಸಿ ಬೇರೆಡೆ ಇಟ್ಟರೆ ಅದಕ್ಕೆ ಮನೆಯ ಜೊತೆಗೆ ಹಿರಿಯರೂ ನೀರೂ ದೇವರೂ ದೂರವಾಗುತ್ತಾರೆ. ಹೊಸ ಕಾಲೊನಿಯಲ್ಲಿ ಗಟ್ಟಿ ಗೋಡೆ ಸಿಕ್ಕಿರಬಹುದು, ಆದರೆ ಕಾಗದದ ಮೇಲೆ ಬರೆಯುವ ಯೋಜನೆಯಲ್ಲಿ ಈ ನಷ್ಟಗಳಿಗೆ ಒಂದು ಕಾಲಂ ಸಹ ಇರಲಿಲ್ಲ.

ತರಗು ಬೆಂಕಿ ಮತ್ತು ನೆಲ್ಲಿಮರ

ಸೋಲಿಗರನ್ನು ಕೇಳಿದ್ದರೆ ಏನು ತಿಳಿಯುತ್ತಿತ್ತು ಎಂಬುದಕ್ಕೆ ತರಗು ಬೆಂಕಿ ಒಳ್ಳೆಯ ಉದಾಹರಣೆ. ಬೇಸಿಗೆಯ ಆರಂಭದಲ್ಲಿ, ಹುಲ್ಲು ಇನ್ನೂ ಪೂರ್ತಿ ಒಣಗುವ ಮೊದಲೇ, ನೆಲದ ಮೇಲಿನ ಒಣ ಎಲೆಗೆ ಸಣ್ಣದಾಗಿ ಬೆಂಕಿ ಹಾಕುವುದು ಅವರ ಪದ್ಧತಿ. ಬೆಂಕಿ ಮೊಣಕಾಲೆತ್ತರ ಏಳದೆ ನೆಲ ಸವರಿಕೊಂಡು ಹೋಗುತ್ತದೆ. ಹೊಸ ಹುಲ್ಲು ಚಿಗುರುತ್ತದೆ, ದಾರಿ ತೆರೆಯುತ್ತದೆ, ಉಣ್ಣೆ ಕಡಿಮೆಯಾಗುತ್ತದೆ. ಕಡುಬೇಸಿಗೆಯಲ್ಲಿ ದೊಡ್ಡ ಬೆಂಕಿ ಬಿದ್ದರೂ ಅದಕ್ಕೆ ತಿನ್ನಲು ಏನೂ ಉಳಿದಿರುವುದಿಲ್ಲ.

ವನ್ಯಜೀವಿಧಾಮದ ನಿಯಮದಲ್ಲಿ ಎಲ್ಲ ಬೆಂಕಿಯೂ ಒಂದೇ, ಎಲ್ಲವೂ ಅಪರಾಧ. ತರಗು ಬೆಂಕಿ ನಿಂತ ಕೆಲವೇ ವರ್ಷಗಳಲ್ಲಿ ಎರಡು ಬದಲಾವಣೆಗಳು ಕಾಣತೊಡಗಿವೆ ಎಂದು ಸೋಲಿಗ ಹಿರಿಯರು ಹೇಳಿದರು. ಮೊದಲನೆಯದು ಲಂಟಾನ. ಹೊರದೇಶದಿಂದ ಬಂದ ಈ ಮುಳ್ಳುಪೊದೆ ಕಾಡಿನ ನೆಲವನ್ನೆಲ್ಲ ಮುಚ್ಚತೊಡಗಿತು. ಎರಡನೆಯದು ನೆಲ್ಲಿಮರದ ಬಂದಳಿಕೆ. ಕೊಂಬೆಗೆ ಅಂಟಿಕೊಂಡು ಮರದ ಸಾರ ಹೀರುವ ಈ ಗಿಡ ಹೆಚ್ಚಾಗಿ ನೆಲ್ಲಿಮರಗಳು ಸೊರಗಿದವು.

ಮೊದಮೊದಲು ಈ ಮಾತಿಗೆ ಕಿವಿಗೊಟ್ಟವರು ಕಡಿಮೆ. ಸೋಲಿಗರು ಹೆಚ್ಚು ನೆಲ್ಲಿಕಾಯಿ ಕೀಳುವುದರಿಂದಲೇ ಮರ ಕಡಿಮೆಯಾಗುತ್ತಿದೆ ಎಂಬ ಅಭಿಪ್ರಾಯ ಬಲವಾಗಿತ್ತು. ನಂತರ ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸೋಲಿಗರ ಜೊತೆಯಲ್ಲೇ ವರ್ಷಾನುಗಟ್ಟಲೆ ಕಾಡಿನಲ್ಲಿ ಅಳತೆ ಮಾಡಿದರು. 1997 ಮತ್ತು 2008ರ ನಡುವೆ ಲಂಟಾನ ಹರಡಿರುವ ಜಾಗ ಸುಮಾರು ದುಪ್ಪಟ್ಟಾದದ್ದು ಅವರ ಅಧ್ಯಯನದಲ್ಲಿ ಕಂಡುಬಂತು. ನೆಲ್ಲಿಯ ಸೊರಗಿಗೆ ಬಂದಳಿಕೆ ಮತ್ತು ಲಂಟಾನ ದೊಡ್ಡ ಕಾರಣಗಳೆಂದು ತಿಳಿಯಿತು. ಬೆಂಕಿ ನಿಂತದ್ದೊಂದೇ ಇದಕ್ಕೆಲ್ಲ ಮೂಲ ಎಂದು ವಿಜ್ಞಾನ ಹೇಳುವುದಿಲ್ಲ. ಆದರೆ ಹಿರಿಯರು ಹೇಳಿದ್ದು ಬರೀ ಮಾತಲ್ಲ, ಪರೀಕ್ಷಿಸಿ ನೋಡಬೇಕಾದ ಜ್ಞಾನ ಎಂಬುದು ಸಾಬೀತಾಯಿತು. ಕಾಡಿನಲ್ಲಿ ಹುಟ್ಟಿ ಬೆಳೆದವರು ಕಾಡಿನ ಬಗ್ಗೆ ಒಂದು ಮಾತು ಹೇಳಿದರೆ ಅದನ್ನು ಬರೆದುಕೊಳ್ಳುವುದು ಅವರಿಗೆ ತೋರುವ ಮರ್ಯಾದೆ, ನಮಗೂ ಲಾಭ.

ಔಷಧಿಯಿಂದ ಸಂಘದವರೆಗೆ

ಈ ಐವತ್ತು ವರ್ಷಗಳಲ್ಲಿ ಬೆಟ್ಟಕ್ಕೆ ಬೇರೆ ರೀತಿಯಲ್ಲಿ ಬಂದವರೂ ಇದ್ದಾರೆ. ಡಾ. ಎಚ್. ಸುದರ್ಶನ್ ಅವರು ಯುವ ವೈದ್ಯರಾಗಿ ಬೆಟ್ಟಕ್ಕೆ ಬಂದು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ್ದು ನಮ್ಮ ಭಾಗದ ಎಲ್ಲರಿಗೂ ತಿಳಿದ ವಿಷಯ. ಈ ಕೆಲಸಕ್ಕೆ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ದೊರೆಯಿತು. ಪ್ರಶಸ್ತಿಗಿಂತ ಮುಖ್ಯವಾದದ್ದು ಅವರು ಕೆಲಸ ಮಾಡಿದ ಕ್ರಮ.

ಕೇಂದ್ರದ ಕೆಲಸ ಚಿಕಿತ್ಸೆಯಿಂದ ಶುರುವಾಯಿತು. ಅಪರಿಚಿತ ವೈದ್ಯನನ್ನು ಕಂಡರೆ ಜನ ಹತ್ತಿರ ಬರುತ್ತಿರಲಿಲ್ಲ. ನಂಬಿಕೆ ಬರುವವರೆಗೆ ಪೋಡಿನಿಂದ ಪೋಡಿಗೆ ನಡೆದು ಹೋಗಬೇಕಾಯಿತು. ನಂಬಿಕೆ ಬಂದ ಮೇಲೆ ಜನ ತಮ್ಮ ಬೇರೆ ಕಷ್ಟಗಳನ್ನೂ ಹೇಳಿಕೊಂಡರು. ಸಾಲ, ಜೀತ, ಕೈತಪ್ಪಿದ ಜಮೀನು, ಮಕ್ಕಳ ಓದು ಎಲ್ಲವೂ ಹೊರಬಂದವು. ಚಿಕಿತ್ಸೆಗೆ ಬಂದವರು ಶಾಲೆ ನಡೆಸುವಂತಾಯಿತು, ಶಾಲೆಯಲ್ಲಿ ಕರಕುಶಲ ಕೆಲಸ ಕಲಿಸುವಂತಾಯಿತು, ಸೋಲಿಗರ ಸಂಘಟನೆಗೆ ಜೊತೆಯಾಗುವಂತಾಯಿತು. ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆ ಇದೆ ಎಂಬುದನ್ನು ಗುರುತಿಸಿ, ಅದರ ಚಿಕಿತ್ಸೆಗೆ ವ್ಯವಸ್ಥೆ ಮಾಡಿದ್ದೂ ಇಂಥ ನಿಕಟ ಒಡನಾಟದ ಫಲ. ಏನು ಬೇಕು ಎಂಬ ಪಟ್ಟಿಯನ್ನು ಹೊರಗಿನಿಂದ ಬರೆದು ತರದೆ ಪೋಡಿನಲ್ಲಿಯೇ ಬರೆದದ್ದರಿಂದ ಆ ಕೆಲಸ ನಾಲ್ಕು ದಶಕ ದಾಟಿ ನಿಂತಿದೆ.

ಅಲ್ಲಿಂದ ಓದಿದ ಮಕ್ಕಳು ಶಿಕ್ಷಕರು, ದಾದಿಯರು, ಸಂಘಟಕರು, ಸಂಶೋಧಕರು ಆದರು. ಡಾ. ಸಿ. ಮಾದೇಗೌಡರು ಸೋಲಿಗ ಸಮುದಾಯದಿಂದ ಬಂದು ಡಾಕ್ಟರೇಟ್ ಪಡೆದವರು. ತಮ್ಮ ಜನರ ಎಲ್ಲೆಗಳನ್ನು, ಪೂಜಾಸ್ಥಳಗಳನ್ನು ನಕ್ಷೆಯ ಮೇಲೆ ಗುರುತಿಸುವ ಕೆಲಸದಲ್ಲಿ ಅವರು ಏಟ್ರೀಯ ಸಂಶೋಧಕರ ಜೊತೆ ದುಡಿದರು. ಹಿರಿಯರನ್ನು ಜೊತೆಯಲ್ಲಿ ಕರೆದುಕೊಂಡು ಕಾಡಿನ ಒಳಗೆ ನಡೆದು, ಒಂದೊಂದು ಜಾಗದ ಹೆಸರನ್ನೂ ಬರೆದು, ನಾನೂರಕ್ಕೂ ಹೆಚ್ಚು ಪವಿತ್ರ ಸ್ಥಳಗಳನ್ನು ಗುರುತಿಸಲಾಯಿತು. ಅರಣ್ಯ ಇಲಾಖೆಯ ನಕ್ಷೆಯಲ್ಲಿ ಬರೀ ಹಸಿರು ಬಣ್ಣವಿದ್ದ ಜಾಗದಲ್ಲಿ ಸೋಲಿಗರ ಇತಿಹಾಸ ಕಾಣಿಸಿತು. ಮುಂದೆ ಹಕ್ಕಿನ ಅರ್ಜಿ ಹಾಕುವಾಗ ಈ ನಕ್ಷೆ ಬಹಳ ಉಪಯೋಗಕ್ಕೆ ಬಂತು.

ಲ್ಯಾಂಪ್ಸ್ ಮತ್ತು ಕಾಡಿನ ಉತ್ಪನ್ನ

ಬೇಸಾಯ, ಬೇಟೆ ಎರಡೂ ನಿಂತ ಮೇಲೆ ಸೋಲಿಗರ ಕೈಗೆ ಕಾಸು ಬರುತ್ತಿದ್ದುದು ಕಾಡಿನ ಕಿರು ಉತ್ಪನ್ನಗಳಿಂದ. ಹೆಜ್ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಕಲ್ಲುಹೂವು, ಮಾಗಳಿ ಬೇರು ಇವು ಮುಖ್ಯವಾದವು. ಹಿಂದೆ ಇವನ್ನು ಹರಾಜು ಹಿಡಿದ ಗುತ್ತಿಗೆದಾರರು ಹೇಳಿದ ಬೆಲೆಗೆ ಕೊಡಬೇಕಿತ್ತು. ಅದನ್ನು ತಪ್ಪಿಸಲೆಂದು ಸರ್ಕಾರ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳನ್ನು ತಂದಿತು. ಎಲ್ಲರೂ ಕರೆಯುವುದು ಲ್ಯಾಂಪ್ಸ್ ಎಂದೇ. ಅರಣ್ಯ ಇಲಾಖೆಯಿಂದ ಸಂಗ್ರಹದ ಹಕ್ಕು ಪಡೆದು, ಸೋಲಿಗರಿಂದ ತೂಕಕ್ಕೆ ಕೊಂಡು, ವ್ಯಾಪಾರಿಗಳಿಗೆ ಮಾರುವುದು ಸಂಘದ ಕೆಲಸ.

ಗುತ್ತಿಗೆದಾರರ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ. 1990ರ ದಶಕದಲ್ಲಿ ನಡೆದ ಅಧ್ಯಯನದಂತೆ ಬೆಟ್ಟದ ಸೋಲಿಗ ಕುಟುಂಬಗಳ ಆದಾಯದಲ್ಲಿ ಅರ್ಧದಷ್ಟು ಈ ಕಿರು ಉತ್ಪನ್ನಗಳಿಂದ ಬರುತ್ತಿತ್ತು. ಆದರೂ ಕೊರತೆಗಳಿದ್ದವು. ಸಂಘದ ಸದಸ್ಯರು ಸೋಲಿಗರಾದರೂ ಲೆಕ್ಕ, ಬೆಲೆ, ಮಾರಾಟದ ತೀರ್ಮಾನ ಸರ್ಕಾರ ನೇಮಿಸಿದ ಕಾರ್ಯದರ್ಶಿಯ ಮೇಜಿನ ಮೇಲೆ ಆಗುತ್ತಿತ್ತು. ಜೇನು ಕಿತ್ತವನಿಗೆ ಅದು ಪೇಟೆಯಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂಬುದು ತಿಳಿಯುತ್ತಿರಲಿಲ್ಲ.

ಈ ಅಂತರವನ್ನು ಕಡಿಮೆ ಮಾಡಲು ಕಲ್ಯಾಣ ಕೇಂದ್ರ ಮತ್ತು ಸಂಶೋಧಕರು ಸೇರಿ ಜೇನು ಸಂಸ್ಕರಣೆ, ಉಪ್ಪಿನಕಾಯಿ, ಗಿಡಮೂಲಿಕೆಗಳ ಘಟಕಗಳನ್ನು ಬೆಟ್ಟದಲ್ಲೇ ಮಾಡಿದರು. ಪ್ರತಿ ವರ್ಷ ನೆಲ್ಲಿ ಎಷ್ಟು ಬಿಟ್ಟಿದೆ, ಎಷ್ಟು ಕೀಳಬಹುದು, ಎಷ್ಟು ಮರದಲ್ಲೇ ಬಿಡಬೇಕು ಎಂಬುದನ್ನು ಸೋಲಿಗರೇ ಕಾಡಿನಲ್ಲಿ ಲೆಕ್ಕ ಹಾಕುವ ಪದ್ಧತಿ ಶುರುವಾಯಿತು. ಮಲೆ ಮಹದೇಶ್ವರ ಬೆಟ್ಟದ ಕಡೆ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುವ ತರಬೇತಿ ನಡೆಯಿತು. ಬಿದಿರು ಕೆಲಸ ಗೊತ್ತಿದ್ದ ಕೈಗಳಿಗೆ ಅದು ಸುಲಭವಾಗಿ ಬಂತು. ಕಾಡಿಗೆ ಶತ್ರುವಾದ ಗಿಡ ಕೆಲವು ಮನೆಗಳಿಗೆ ಅನ್ನ ಕೊಟ್ಟಿತು.

ನಿಷೇಧ, ಕಾಯ್ದೆ, ಹಕ್ಕುಪತ್ರ

ಇಷ್ಟರಲ್ಲಿ ದೊಡ್ಡ ಹೊಡೆತ ಬಿತ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಕಾರಣದಿಂದ ಅಭಯಾರಣ್ಯಗಳಲ್ಲಿ ಮಾರಾಟಕ್ಕಾಗಿ ಕಿರು ಉತ್ಪನ್ನ ಸಂಗ್ರಹಿಸುವುದು ನಿಷಿದ್ಧವಾಯಿತು. 2006ರ ಹೊತ್ತಿಗೆ ಬೆಟ್ಟದಲ್ಲಿ ಅದು ಪೂರ್ತಿ ಜಾರಿಗೆ ಬಂತು. ಮನೆಯ ಅರ್ಧ ಆದಾಯ ಒಂದು ಆದೇಶದಿಂದ ನಿಂತುಹೋಯಿತು. ಆ ಆದೇಶ ಬರೆಯುವ ಮೊದಲು ಯಾವ ಪೋಡಿನಲ್ಲೂ ಸಭೆ ನಡೆಯಲಿಲ್ಲ. ಕಾಡಿನಲ್ಲಿ ಬದುಕುತ್ತಿದ್ದವರು ಕೂಲಿ ಹುಡುಕಿಕೊಂಡು ಕಾಫಿ ತೋಟಗಳಿಗೆ, ಬಯಲು ಸೀಮೆಗೆ ಇಳಿದರು. ದುಡಿಯಲು ಹೋದ ತಂದೆ ತಾಯಿಯ ಹಿಂದೆ ಮಕ್ಕಳೂ ಹೋದಾಗ ಓದು ನಿಲ್ಲುತ್ತದೆ ಎಂಬುದನ್ನು ಈ ಭಾಗದ ಶಿಕ್ಷಕರಿಗೆ ವಿವರಿಸಿ ಹೇಳಬೇಕಿಲ್ಲ.

ಅದೇ 2006ರ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. 2008ರ ಜನವರಿಯಲ್ಲಿ ನಿಯಮಗಳು ಬಂದವು. ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದವರಿಗೆ ಐತಿಹಾಸಿಕ ಅನ್ಯಾಯವಾಗಿದೆ ಎಂದು ಈ ಕಾಯ್ದೆಯ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. ಸಾಗುವಳಿ ಮಾಡುತ್ತಿರುವ ನೆಲದ ಮೇಲೆ ಕುಟುಂಬದ ಹಕ್ಕು, ಕಿರು ಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕು, ಕಾಡನ್ನು ಕಾಯುವ ಮತ್ತು ನಿರ್ವಹಿಸುವ ಸಮುದಾಯದ ಹಕ್ಕು ಇದರಲ್ಲಿವೆ. ಹಕ್ಕನ್ನು ಗುರುತಿಸುವ ಕೆಲಸ ಶುರುವಾಗಬೇಕಾದದ್ದು ಗ್ರಾಮಸಭೆಯಲ್ಲಿ. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ವನ್ಯಜೀವಿಗಳಿಗಾಗಿ ಜನ ಸ್ಥಳಾಂತರಗೊಳ್ಳಲೇಬೇಕು ಎನ್ನುವ ಸಂದರ್ಭದಲ್ಲೂ ಗ್ರಾಮಸಭೆಯ ಮುಕ್ತ ಹಾಗೂ ತಿಳಿದು ಕೊಟ್ಟ ಒಪ್ಪಿಗೆ ಲಿಖಿತವಾಗಿ ಬೇಕು. 2012ರಲ್ಲಿ ತಿದ್ದಿದ ನಿಯಮದಂತೆ ಸಭೆಗೆ ಸದಸ್ಯರಲ್ಲಿ ಅರ್ಧದಷ್ಟಾದರೂ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು.

ನಮ್ಮ ರಾಜ್ಯಕ್ಕೆ ಈ ಕಾಯ್ದೆ ಇನ್ನೊಂದು ಕಾರಣಕ್ಕೂ ಮುಖ್ಯ. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಲ್ಲಿ ಬುಡಕಟ್ಟು ಗ್ರಾಮಸಭೆಗಳಿಗೆ ವಿಶೇಷ ಅಧಿಕಾರ ಕೊಡುವ ಪೆಸಾ ಕಾಯ್ದೆ 1996ರಲ್ಲೇ ಬಂದಿತ್ತು. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶ ಇಲ್ಲದ ಕಾರಣ ಅದು ಸೋಲಿಗರಿಗೆ ಅನ್ವಯಿಸಲಿಲ್ಲ. ಅವರ ಪಾಲಿಗೆ ‘ನಮ್ಮನ್ನು ಕೇಳಿ’ ಎಂದು ಹೇಳಲು ಕಾನೂನಿನ ಬಲ ಬಂದದ್ದು ಅರಣ್ಯ ಹಕ್ಕು ಕಾಯ್ದೆಯಿಂದಲೇ.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮತ್ತೆ ಎಬ್ಬಿಸುತ್ತಾರೆ ಎಂಬ ಭಯ ಪೋಡುಗಳಲ್ಲಿ ಹರಡಿತು. ಸೋಲಿಗರ ಸಂಘಗಳು ನಕ್ಷೆ, ಹಿರಿಯರ ಹೇಳಿಕೆ, ದಾಖಲೆಗಳನ್ನು ಜೋಡಿಸಿ ಅರ್ಜಿಗಳ ಬೆನ್ನು ಹತ್ತಿದವು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಸಿಕ್ಕಿದ ಮೊದಲ ಪ್ರಸಂಗಗಳಲ್ಲಿ ಇದು ಒಂದು. ಜನ ಇದ್ದರೆ ಹುಲಿ ಉಳಿಯುವುದಿಲ್ಲ ಎಂದವರಿಗೆ ಮುಂದಿನ ಹುಲಿ ಗಣತಿಯೇ ಉತ್ತರ ಕೊಟ್ಟಿತು. 2010ರಿಂದ 2014ರ ನಡುವೆ ಬೆಟ್ಟದ ಹುಲಿಗಳ ಸಂಖ್ಯೆ ಸುಮಾರು ದುಪ್ಪಟ್ಟಾಯಿತು.

ಹಕ್ಕುಪತ್ರ ಸಿಕ್ಕಿದ ಮಾತ್ರಕ್ಕೆ ಎಲ್ಲವೂ ಸರಿಯಾಯಿತು ಎನ್ನಲಾಗದು. ಕಾಡಿನ ನಿರ್ವಹಣೆಯಲ್ಲಿ ಗ್ರಾಮಸಭೆಗೆ ನಿಜವಾದ ಪಾಲು ಕೊಡುವ ವಿಷಯದಲ್ಲಿ ಎಳೆದಾಟ ಮುಂದುವರಿದಿದೆ. 2019ರ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕೃತವಾದ ಕುಟುಂಬಗಳನ್ನು ಎಬ್ಬಿಸಬೇಕೆಂಬ ಸುಪ್ರೀಂ ಕೋರ್ಟ್ ಆದೇಶ ದೇಶದಾದ್ಯಂತ ಆತಂಕ ಹುಟ್ಟಿಸಿತು. ಅದೇ ತಿಂಗಳ ಕೊನೆಯಲ್ಲಿ ನ್ಯಾಯಾಲಯವೇ ಅದಕ್ಕೆ ತಡೆ ನೀಡಿತು. ಹಕ್ಕು ಎನ್ನುವುದು ಒಮ್ಮೆ ಪಡೆದು ಪೆಟ್ಟಿಗೆಯಲ್ಲಿಡುವ ವಸ್ತುವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನೆರೆಯ ನಾಗರಹೊಳೆ, ದೂರದ ನಿಯಮಗಿರಿ

ಈ ಪಾಠ ನಮ್ಮ ಬೆಟ್ಟದ್ದು ಮಾತ್ರವಲ್ಲ. ನೆರೆಯ ಮೈಸೂರು, ಕೊಡಗು ಜಿಲ್ಲೆಗಳ ನಾಗರಹೊಳೆ ಕಾಡಿನಿಂದ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳನ್ನು ಹೊರಗೆ ಕಳಿಸಲಾಯಿತು. ಅದೇ ಕಾಡಿನಲ್ಲಿ 1990ರ ದಶಕದಲ್ಲಿ ಒಂದು ದೊಡ್ಡ ಹೋಟೆಲ್ ಕಂಪನಿಗೆ ಪ್ರವಾಸಿಗರ ತಂಗುದಾಣ ನಡೆಸಲು ಅವಕಾಶ ಕೊಡಲಾಯಿತು. ಸೌದೆ ತರಲು ಹೋದವರು ಅಪರಾಧಿಗಳಾದ ಕಡೆ ಹೋಟೆಲು ಹೇಗೆ ಸರಿ ಎಂದು ಆದಿವಾಸಿಗಳು ಹೋರಾಟಕ್ಕೆ ಇಳಿದರು, ಪ್ರಕರಣ ಹೈಕೋರ್ಟಿಗೆ ಹೋಯಿತು. 1997ರ ಜನವರಿಯಲ್ಲಿ ಹೈಕೋರ್ಟು ಹೋಟೆಲಿನ ವಿರುದ್ಧ ತೀರ್ಪು ಕೊಟ್ಟಿತು. ಕಾಡಿನಿಂದ ಹೊರಬಂದವರ ಸ್ಥಿತಿ ತಿಳಿಯಲು ಹೈಕೋರ್ಟು ಪ್ರೊ. ಮುಜಾಫರ್ ಅಸ್ಸಾದಿಯವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಪುನರ್ವಸತಿ ಸಿಗಬೇಕಾದ ಮೂರು ಸಾವಿರಕ್ಕೂ ಹೆಚ್ಚು ಕುಟುಂಬಗಳಿವೆ ಎಂದು ಆ ಸಮಿತಿ ವರದಿ ಕೊಟ್ಟಿತು.

ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿಗಾರಿಕೆಯ ಯೋಜನೆ ಬಂದಾಗ ಅಲ್ಲಿನ ಡೋಂಗ್ರಿಯಾ ಕೊಂದ ಜನ, ಬೆಟ್ಟವೇ ನಮ್ಮ ದೇವರು ಎಂದು ವಿರೋಧಿಸಿದರು. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ಇದನ್ನು ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದಿತು. ಆ ವರ್ಷದ ಮಳೆಗಾಲದಲ್ಲಿ 12 ಗ್ರಾಮಸಭೆಗಳು ಸೇರಿದವು, 12 ಸಭೆಗಳೂ ಗಣಿ ಬೇಡ ಎಂದವು. ಮುಂದಿನ ವರ್ಷ ಕೇಂದ್ರ ಪರಿಸರ ಸಚಿವಾಲಯ ಯೋಜನೆಗೆ ಅನುಮತಿ ನಿರಾಕರಿಸಿತು. ಕೇಳುವುದು ಎಂದರೆ ‘ಬೇಡ’ ಎಂಬ ಉತ್ತರವನ್ನೂ ಒಪ್ಪಲು ಸಿದ್ಧರಿರುವುದು ಎಂಬುದನ್ನು ಈ ಪ್ರಕರಣ ಇಡೀ ದೇಶಕ್ಕೆ ತೋರಿಸಿತು. 2007ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮೂಲನಿವಾಸಿ ಜನರ ಹಕ್ಕುಗಳ ಘೋಷಣೆಯ ತಿರುಳೂ ಇದೇ. ಒಪ್ಪಿಗೆ ಮುಕ್ತವಾಗಿರಬೇಕು, ಕೆಲಸಕ್ಕೆ ಮುಂಚೆ ಪಡೆದಿರಬೇಕು, ವಿಷಯ ಪೂರ್ತಿ ತಿಳಿಸಿ ಪಡೆದಿರಬೇಕು.

ಕೇಳುವುದು ಎಂದರೇನು?

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇಂದು ಎಂಜಿನಿಯರುಗಳಿದ್ದಾರೆ, ಪಂಚಾಯಿತಿ ಸದಸ್ಯರಿದ್ದಾರೆ, ಗುತ್ತಿಗೆದಾರರಿದ್ದಾರೆ, ಅರಣ್ಯ ಮತ್ತು ಕಂದಾಯ ಇಲಾಖೆಯ ನೌಕರರಿದ್ದಾರೆ, ಜೇನು ಮತ್ತು ಸೀಗೆಕಾಯಿಯ ವ್ಯಾಪಾರಿಗಳಿದ್ದಾರೆ, ಬೆಟ್ಟದ ತಪ್ಪಲಿನಲ್ಲಿ ಪ್ರವಾಸಿಗರಿಗೆ ವಸತಿ ಮಾಡಿಕೊಟ್ಟವರೂ ಇದ್ದಾರೆ. ಪೋಡಿಗೆ ಒಂದಲ್ಲ ಒಂದು ಕೆಲಸ ಹಿಡಿದು ಹೋಗುವವರು ಇವರೇ. ಆದ್ದರಿಂದ ಈ ಇತಿಹಾಸದಿಂದ ನಾನು ಕಂಡುಕೊಂಡ ನಾಲ್ಕು ಮಾತುಗಳನ್ನು ಅವರ ಮುಂದೆ ಇಡುತ್ತೇನೆ.

ಮೊದಲನೆಯದು, ಕೇಳುವ ಸಮಯ. ಅಂದಾಜು ಪಟ್ಟಿ ಮಂಜೂರಾಗಿ, ಜೆಸಿಬಿ ಬಂದು ನಿಂತ ಮೇಲೆ ಸಭೆ ಕರೆದರೆ ಅದು ಕೇಳಿದಂತಾಗದು, ತಿಳಿಸಿದಂತಾಗುತ್ತದೆ. ಚಿತ್ರ ಬರೆಯುವ ಮೊದಲೇ ಕೇಳಬೇಕು.

ಎರಡನೆಯದು, ಕೇಳುವ ಜನ. ಪೇಟೆಯ ಭಾಷೆ ಚೆನ್ನಾಗಿ ಬಲ್ಲ ಇಬ್ಬರು ಯುವಕರ ಸಹಿ ಪೋಡಿನ ಒಪ್ಪಿಗೆಯಾಗದು. ಸೋಲಿಗರಲ್ಲಿ ಯಜಮಾನರಿದ್ದಾರೆ, ಕುಲದ ಹಿರಿಯರಿದ್ದಾರೆ. ನೀರು ಹೊರುವವರೂ ಬೇರು ಗೆಡ್ಡೆ ಬಲ್ಲವರೂ ಹೆಚ್ಚಾಗಿ ಹೆಂಗಸರು. ಅವರೆಲ್ಲ ಕೂತ ಸಭೆಯೇ ಸಭೆ. ಆ ಸಭೆ ಕೂಲಿಯ ಹೊತ್ತಿನಲ್ಲಿ ನಡೆಯಬಾರದು, ಜೇನಿನ ಕಾಲದಲ್ಲಿ ಜನ ಕಾಡಿನಲ್ಲಿರುವಾಗ ನಡೆಯಬಾರದು.

ಮೂರನೆಯದು, ಮಾತಿನ ರೀತಿ. ತಿಳಿಯದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಈ ಐವತ್ತು ವರ್ಷಗಳಲ್ಲಿ ಬಹಳ ಅನ್ಯಾಯಕ್ಕೆ ದಾರಿಯಾಗಿದೆ. ಲಾಭ ಎಷ್ಟು, ನಷ್ಟ ಏನು, ಯಾರಿಗೆ ಏನು ಸಿಗುತ್ತದೆ ಎಂಬುದನ್ನು ತಿಳಿಗನ್ನಡದಲ್ಲಿ ಓದಿ ಹೇಳಬೇಕು, ಒಂದು ಪ್ರತಿ ಪೋಡಿನಲ್ಲಿ ಬಿಟ್ಟು ಬರಬೇಕು. ಏಕವಚನದಲ್ಲಿ ಕರೆಯುವುದು ಸಲಿಗೆ ಎಂದು ನಾವು ಭಾವಿಸಬಹುದು, ಹಿರಿಯ ಸೋಲಿಗರಿಗೆ ಅದು ಸಲಿಗೆಯಾಗಿ ಕೇಳಿಸುವುದಿಲ್ಲ.

ನಾಲ್ಕನೆಯದು, ಪಾಲು. ಕಾಡಿನ ಜೇನಿನ ಬಾಟಲಿಯ ಮೇಲೆ ಸೋಲಿಗರ ಚಿತ್ರ ಹಾಕುವುದು ಸುಲಭ. ಆ ಬಾಟಲಿಯ ಬೆಲೆಯಲ್ಲಿ ಜೇನು ಕಿತ್ತವನಿಗೆ ಎಷ್ಟು ಸೇರಿತು ಎಂಬುದು ನಿಜವಾದ ಲೆಕ್ಕ. ಗೊರುಕನ ಹಾಡು ಕುಣಿತವನ್ನು ಪ್ರವಾಸಿಗರ ಮುಂದೆ ಆಡಿಸುವ ಮೊದಲೂ ಇದೇ ಪ್ರಶ್ನೆ ಕೇಳಬೇಕು. ಆಡುವವರು ಬಯಸಿ ಆಡುತ್ತಿದ್ದಾರೆಯೇ? ಅವರಿಗೆ ಸಲ್ಲಬೇಕಾದದ್ದು ಸಂದಿದೆಯೇ?

ನಮ್ಮ ಶಾಲೆಯ ಮುಂದಿನ ಐವತ್ತು ವರ್ಷ

ಕೇಳುವ ಅಭ್ಯಾಸ ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆ ಬರುವುದಿಲ್ಲ. ಅದು ತರಗತಿಯ ಬೆಂಚಿನ ಮೇಲೆ ಬರಬೇಕು. ಕೆರೆದಿಂಬದ ಮಗು, ಯರಕನಗದ್ದೆಯ ಮಗು, ತಪ್ಪಲಿನ ಹಳ್ಳಿಯ ಮಗು ಒಂದೇ ಸಾಲಿನಲ್ಲಿ ಕೂತು, ಒಂದೇ ತಟ್ಟೆಯ ಬಿಸಿಯೂಟ ಉಂಡು ಬೆಳೆದರೆ ಮುಂದೆ ಅಧಿಕಾರಿಯಾದವನು ಪೋಡಿಗೆ ಹೋದಾಗ ಸಹಪಾಠಿಯ ಮನೆಗೆ ಹೋದಂತೆ ಹೋಗುತ್ತಾನೆ. ಹೆಸರಿಗೆ, ನುಡಿಗೆ, ಬಣ್ಣಕ್ಕೆ ನಗುವ ಮಕ್ಕಳನ್ನು ಅಂದೇ ತಿದ್ದುವುದು ಪಾಠದಷ್ಟೇ ಮುಖ್ಯ. ನಮ್ಮ ವಿಜ್ಞಾನದ ತರಗತಿಗೆ ಪೋಡಿನ ಹಿರಿಯರೊಬ್ಬರು ವರ್ಷಕ್ಕೊಮ್ಮೆ ಬಂದು ಗಿಡಮರಗಳ ಹೆಸರು ಹೇಳಿಕೊಟ್ಟರೆ, ಅವರನ್ನು ಅತಿಥಿಗಳಂತೆ ಕರೆದು ಕೂರಿಸಿದರೆ, ಎಲ್ಲ ಮಕ್ಕಳಿಗೂ ಅದು ಪಾಠ. ರೊಟ್ಟಿಹಬ್ಬಕ್ಕೆ ನಮ್ಮ ಮಕ್ಕಳು ಆಹ್ವಾನ ಪಡೆದು ಹೋಗಿ ಬರುವಂತಾದರೆ ಇನ್ನೂ ಒಳ್ಳೆಯದು.

ಹಳೆಯ ವಿದ್ಯಾರ್ಥಿಗಳ ಸಂಘ ಸುವರ್ಣ ಮಹೋತ್ಸವದ ನೆನಪಿಗೆ ಪೋಡಿನ ಮಕ್ಕಳಿಗಾಗಿ ಏನಾದರೂ ಮಾಡಬೇಕೆಂದು ಯೋಚಿಸುತ್ತಿದೆ ಎಂಬುದು ಸಂತೋಷದ ಸಂಗತಿ. ವಿದ್ಯಾರ್ಥಿವೇತನವೋ, ಸೈಕಲ್ಲೋ, ಗ್ರಂಥಾಲಯವೋ ಎಂಬ ಚರ್ಚೆ ನಡೆದಿದೆ. ತೀರ್ಮಾನ ಮಾಡುವ ಮೊದಲು ಸಂಘದ ಪದಾಧಿಕಾರಿಗಳು ಒಂದು ಭಾನುವಾರ ಬೆಟ್ಟಕ್ಕೆ ಹೋಗಿ, ಪೋಡಿನ ತಂದೆ ತಾಯಂದಿರ ಜೊತೆ ಕೂತು, ನಿಮ್ಮ ಮಕ್ಕಳಿಗೆ ಏನು ಬೇಕು ಎಂದು ಕೇಳಿ ಬರಲಿ ಎಂಬುದು ನನ್ನ ವಿನಂತಿ. ಅವರು ಹೇಳುವುದು ನಾವು ಊಹಿಸಿದ್ದಕ್ಕಿಂತ ಬೇರೆಯೇ ಆಗಿರಬಹುದು. ಹಾಗಾದರೆ ಅದನ್ನೇ ಮಾಡೋಣ.